ಕ್ಯಾಮೆರಾದ ಹಿಂದೆ ನಿಲ್ಲುವ ವಯಸ್ಸು

ಗಾಂಧೀಜಿಗೆ ಸಿನಿಮಾ ಸೇರುತ್ತಿರಲಿಲ್ಲ. 1927ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಸಿನಿಮಾ ವಿಚಾರಣಾ ಸಮಿತಿ ಪ್ರಶ್ನೆಗಳನ್ನು ಕಳಿಸಿದಾಗ, ತಾವು ಒಮ್ಮೆಯೂ ಚಿತ್ರಮಂದಿರಕ್ಕೆ ಹೋದವರಲ್ಲ, ಆದರೂ ಅದು ಮಾಡುತ್ತಿರುವ ಕೇಡು ಹೊರಗಿನವರಿಗೂ ಕಾಣುತ್ತದೆ ಎಂಬರ್ಥದ ಉತ್ತರ ಬರೆದರು. ಅವರ ಹೆಸರಿನ ನಮ್ಮ ವಿಜಯಪುರದ ಗಾಂಧಿ ಚೌಕದಲ್ಲಿ ಈಗ ಸಂಜೆ ಹೊತ್ತು ನಿಂತರೆ, ಹದಿಹರೆಯದ ಹುಡುಗರ ಕೈಯಲ್ಲೆಲ್ಲ ಕ್ಯಾಮೆರಾ. ಎಲ್ಲವೂ ಅವರವರ ಮುಖದ ಕಡೆಗೇ ತಿರುಗಿವೆ. ಗಾಂಧೀಜಿಯ ಮಾತನ್ನು ಹಳೆಗಾಲದ ಮಡಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಾಗಿದ್ದೂ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಂದೇ ಸೂರಿನಡಿ ಇರಿಸಿ ಸಿನಿಮಾ ಮಾಡಲು ಕಲಿಸುವ ಶಿಬಿರಗಳು ಬೇಕು ಎನ್ನುತ್ತೇನೆ. ಕತ್ತರಿಸಿ ಜೋಡಿಸುವ ಕೆಲಸವನ್ನು ಮೊಬೈಲೇ ಕಲಿಸೀತು. ಜೊತೆಗಿರುವುದನ್ನು ಯಾರು ಕಲಿಸಬೇಕು? ಬಿಸಿಲಲ್ಲಿ ಒಬ್ಬ ಬೆಳಕು ತಿರುಗಿಸುವ ಹಾಳೆ ಹಿಡಿದು ನಿಂತಿರುತ್ತಾನೆ, ಒಬ್ಬಳು ಮೈಕು ಹಿಡಿದು ಉಸಿರು ಬಿಗಿಹಿಡಿದಿರುತ್ತಾಳೆ. ಇಬ್ಬರೂ ಚಿತ್ರದಲ್ಲಿ ಕಾಣುವುದಿಲ್ಲ. ಆಟೋದ ಹಾರ್ನ್ ಕೇಳಿದರೆ ಮತ್ತೆ ಮೊದಲಿನಿಂದ. ರಾತ್ರಿ ಸಂಕಲನಕ್ಕೆ ಕೂತಾಗ, ದಿನವಿಡೀ ಬೆವರು ಸುರಿಸಿ ನಟಿಸಿದವಳ ದೃಶ್ಯವೇ ಹಾರಿಹೋಗುತ್ತದೆ. ಅವಳು ಅಳುತ್ತಾಳೆ, ಜಗಳವಾಡುತ್ತಾಳೆ. ಆದರೆ ಬೆಳಿಗ್ಗೆ ಅದನ್ನು ಕತ್ತರಿಸಿದವನ ಪಕ್ಕದಲ್ಲೇ ಉಪ್ಪಿಟ್ಟಿನ ಪಾಳಿಯಲ್ಲಿ ನಿಲ್ಲಬೇಕು. ಸಂಜೆಗೆ ಮನೆ ಸೇರುವ ತರಗತಿಯಲ್ಲಿ ಈ ಬೆಳಗು ಬರುವುದೇ ಇಲ್ಲ. ಆಶ್ರಮದಲ್ಲಿ ಕಸ ಗುಡಿಸುವ ಕೆಲಸವನ್ನೂ ಎಲ್ಲರೂ ಮಾಡಬೇಕೆಂದ ಗಾಂಧೀಜಿ ಈ ಜೊತೆಗಿರುವ ಪಾಠವನ್ನು ಒಪ್ಪುತ್ತಿದ್ದರೇನೋ.

ಕನ್ನಡ ನಾಡಿನಲ್ಲಿ ಹೀಗೆ ಒಟ್ಟಾಗಿ ಸಿನಿಮಾ ಕಲಿಯುವುದಕ್ಕೆ ಹಿರಿಯರು ಹಾಕಿಕೊಟ್ಟ ದಾರಿಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಹಳ್ಳಿಯವರೊಂದಿಗೆ ಕೂತು ಚಿತ್ರಗಳನ್ನು ಬಿಡಿಸಿ ನೋಡಿದರು. ಅಡಿಕೆ ತೋಟದ ಜನ ಜಗತ್ತಿನ ಚಿತ್ರಗಳನ್ನು ಕಂಡು ಚರ್ಚಿಸಿದರು. ನೋಡುವುದನ್ನೂ ಕಲಿಯಬೇಕಾಗುತ್ತದೆ ಎಂಬ ನಂಬಿಕೆ ಅದು.

ನಮ್ಮ ಕಡೆ ನೋಡಲು ಏನು ಕಡಿಮೆ? ತಿಕೋಟಾ, ಬಬಲೇಶ್ವರದ ಶೆಡ್ಡುಗಳಲ್ಲಿ ಹಸಿ ದ್ರಾಕ್ಷಿ ಒಣದ್ರಾಕ್ಷಿಯಾಗಲು ಸುಮಾರು ಎರಡು ವಾರ ಹಿಡಿಯುತ್ತದೆ. ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಹೋಯಿತು. ಮೋಡ ಕಂಡಾಗ ಅಪ್ಪನ ಮುಖ ಹೇಗಾಗುತ್ತದೆ ಎಂಬುದು ಆ ಮನೆಯ ಹುಡುಗಿಗೆ ಗೊತ್ತು. ಆ ಮುಖದ ಎದುರು ಕ್ಯಾಮೆರಾ ಹಿಡಿಯಬೇಕೋ ಬೇಡವೋ ಎಂದು ಅವಳು ಒಂದು ರಾತ್ರಿ ಗೆಳತಿಯರ ಜೊತೆ ವಾದಿಸಿದರೆ, ಸಿನಿಮಾದ ನೀತಿಯ ಪಾಠ ಅಲ್ಲೇ ಶುರುವಾಯಿತು.

ಮೇ ತಿಂಗಳಲ್ಲಿ ವಸತಿ ಶಾಲೆಗಳ ಕೋಣೆಗಳು ಖಾಲಿ ಇರುತ್ತವೆ. ಶಾಲೆ ನಡೆಸುವವರೇ, ಹತ್ತು ದಿನದ ಮಟ್ಟಿಗೆ ಅವನ್ನು ಇಂಥ ಶಿಬಿರದ ಮಕ್ಕಳಿಗೆ ಬಿಟ್ಟುಕೊಡಿ. ತಾಯಿ-ತಂದೆಯರೇ, ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳನ್ನೂ ಕಳಿಸಿಕೊಡಿ.