ಇಂದಿನ ಧಮ್ಮ ಚಿಂತನೆ: ಎರಡು ತಿಂಗಳ ಬೆಳೆ



ಕಾಫಿ ತೋಟದ ಲೈನ್ ಮನೆಯಲ್ಲಿರುವ ಒಬ್ಬ ತಾಯಿ ನಮ್ಮ ಕೂಟದಲ್ಲಿ ಕೇಳಿದ ಪ್ರಶ್ನೆ ಇದು: "ಹಿಂದುಗಡೆ ನಾಲ್ಕು ಸಾಲು ನವಿಲುಕೋಸು ನೆಟ್ಟಿದ್ದೇನೆ. ನೋಡಿದಾಗಲೆಲ್ಲ ಈ ಜಾಗ ನನ್ನದೇ ಆಗಿದ್ದರೆ ಅನ್ನಿಸ್ತದೆ. ಇದು ತೃಷ್ಣೆ ಅಲ್ವಾ?"

ನವಿಲುಕೋಸನ್ನು ಕೆಲವರು ಗೆಡ್ಡೆಕೋಸು ಎನ್ನುತ್ತಾರೆ. ಆದರೆ ಅದು ನೆಲದ ಮೇಲೆ ಉಬ್ಬಿದ ಕಾಂಡ. ಕೊಡಗಿನ ದೊಡ್ಡ ಮಳೆ ಬಿಟ್ಟ ಮೇಲೆ ಸಸಿಮಡಿ ಮಾಡಬೇಕು. (ಇದು ಮಣ್ಣಿನ ಮಡಿ. ನಮ್ಮನ್ನು ಬಾಗಿಲಾಚೆ ನಿಲ್ಲಿಸಿದ ಮಡಿ ಬೇರೆ.) ತಿಂಗಳಾದ ಸಸಿಯನ್ನು ಗೇಣಿಗೊಂದರಂತೆ ನೆಟ್ಟು, ಸಗಣಿ ಗೊಬ್ಬರ, ಒಲೆಯ ಬೂದಿ, ಅಕ್ಕಿ ತೊಳೆದ ನೀರು ಕೊಟ್ಟರೆ ಎರಡು ತಿಂಗಳೊಳಗೆ ಕೊಯ್ಲು. ಕಿತ್ತಳೆ ಹಣ್ಣಿನಷ್ಟಾದಾಗ ಕೊಯ್ಯದಿದ್ದರೆ ನಾರಾಗುತ್ತದೆ. ಎಳೆ ಎಲೆ ಪಲ್ಯಕ್ಕೆ, ಕೋಸು ಸಾರಿಗೆ.

ಲೈನ್ ಮನೆಗಳ ಹಿತ್ತಲಲ್ಲಿ ಕೋಸು, ಸೊಪ್ಪು, ಹಸಿಮೆಣಸು ಕಾಣುತ್ತವೆ. ಅಲ್ಲಿರುವವರು ತಮಗಾಗಿ ನೆಟ್ಟ ಕಾಫಿ ಗಿಡ ಕಾಣುವುದಿಲ್ಲ. ಮಣ್ಣು ಒಂದೇ, ಕೆಲಸ ಬಲ್ಲ ಕೈಯೂ ಅದೇ. ಆದರೆ ಕಾಫಿ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು, ಕಾಳುಮೆಣಸಿಗೂ ಹಾಗೆಯೇ. ಕೆಲಸ ಹೋದರೆ ಮನೆಯನ್ನೂ ಬಿಡಬೇಕಾದವರು ಅಷ್ಟು ದೂರದ ಫಸಲನ್ನು ಯಾವ ಧೈರ್ಯದಲ್ಲಿ ನೆಡುತ್ತಾರೆ?

ಇಂಥವರಿಗೆ "ಎಲ್ಲವೂ ಅನಿತ್ಯ, ಇದ್ದುದರಲ್ಲೇ ತೃಪ್ತಿಪಡಿ" ಎಂದು ಉಪದೇಶ ಮಾಡುವವರಿದ್ದಾರೆ. ಕೋಸು ಬಲಿತು ನಾರಾಗುವುದು ಅನಿತ್ಯ, ನಾವು ಮುದುಕರಾಗುವುದೂ ಅನಿತ್ಯ. ಒಂದು ಕುಟುಂಬ ನಾಳೆ ಎಲ್ಲಿ ಮಲಗಬೇಕೆಂದು ಇನ್ನೊಬ್ಬರು ತೀರ್ಮಾನಿಸುವುದು ಮನುಷ್ಯರು ಕಟ್ಟಿದ ವ್ಯವಸ್ಥೆ. ಅದಕ್ಕೆ ಧಮ್ಮದ ಹೆಸರು ಕೊಡಬಾರದು. 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ ಬಾಬಾಸಾಹೇಬರು, ಬಡತನವನ್ನು ಪವಿತ್ರಗೊಳಿಸುವುದು ಧರ್ಮದ ಕೆಲಸವಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಭಗವಾನರು ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖಗಳನ್ನು ತಿಳಿಸಿದ್ದು ಅಂಗುತ್ತರ ನಿಕಾಯದಲ್ಲಿದೆ. ಬೆವರು ಸುರಿಸಿ ನ್ಯಾಯವಾಗಿ ಗಳಿಸಿದ್ದು ತನ್ನಲ್ಲಿದೆ ಎಂಬ ಅತ್ಥಿಸುಖ, ಅದನ್ನು ಬಳಸುವ ಭೋಗಸುಖ, ಸಾಲವಿಲ್ಲದ ಅನಣಸುಖ, ಕಳಂಕವಿಲ್ಲದ ಬಾಳಿನ ಅನವಜ್ಜಸುಖ. ಸಾರಿಗೆ ಬಿದ್ದ ಕೋಸಿನಿಂದ ಆ ತಾಯಿಗೆ ಭೋಗಸುಖ ಸಿಕ್ಕಿದೆ. ಅವರು ಬಯಸುತ್ತಿರುವುದು ಮೊದಲನೆಯದನ್ನು. ಅದನ್ನು ತೃಷ್ಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ತೃಷ್ಣೆ ಎಲ್ಲಿ ಶುರುವಾಗುತ್ತದೆ? ನಾಲ್ಕರಲ್ಲಿ ದೊಡ್ಡದೆಂದು ಭಗವಾನರು ಹೇಳಿದ್ದು ಕೊನೆಯ ಸುಖವನ್ನು. ಇದರಿಂದ ಯಾರಿಗೆ ನಷ್ಟ ಎಂದು ಕೇಳಿಕೊಂಡರೆ ಗೆರೆ ಕಾಣುತ್ತದೆ. ದಿಡ್ಡಳ್ಳಿ ನೆನಪಿದೆಯಲ್ಲ? 2016ರ ಡಿಸೆಂಬರ್‌ನಲ್ಲಿ ಅಲ್ಲಿನ ಆದಿವಾಸಿಗಳ ಗುಡಿಸಲುಗಳನ್ನು ಅರಣ್ಯದ ಜಾಗವೆಂದು ಕೆಡವಿದರು. ಅವರಲ್ಲಿ ಅನೇಕರು ಲೈನ್ ಮನೆ ಬಿಟ್ಟು ಬಂದವರು. ದೊಡ್ಡ ಹೋರಾಟವಾದ ಮೇಲೆಯೇ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಸಿಕ್ಕಿದ್ದು. ಅದೇ ರಾಜ್ಯದಲ್ಲಿ ಕಾಫಿಯಂಥ ತೋಟದ ಬೆಳೆ ಇರುವ ಒತ್ತುವರಿ ಸರ್ಕಾರಿ ಜಮೀನನ್ನು 25 ಎಕರೆವರೆಗೆ, 30 ವರ್ಷ ಗುತ್ತಿಗೆಗೆ ಕೊಡಲು ಕಾನೂನಿನಲ್ಲಿ ದಾರಿ ಮಾಡಲಾಗಿದೆ. ಬೆಳೆಗಾರರೆಲ್ಲ ಶ್ರೀಮಂತರಲ್ಲ, ಎರಡೆಕರೆಯಲ್ಲಿ ಒದ್ದಾಡುವವರೂ ಇದ್ದಾರೆ, ಅದು ಬೇರೆ ಮಾತು. ಆದರೆ ಗುಡಿಸಲಿನಷ್ಟು ನೆಲ ಕೇಳಿದವರಿಗೆ "ಆಸೆ ಬಿಡಿ" ಎಂದವರು ಇಪ್ಪತ್ತೈದು ಎಕರೆಯವರ ಮುಂದೆ ಆ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ.

ನಿವೇಶನಕ್ಕೆ ಅರ್ಜಿ ಬರೆಯಲು ನೆರವು ಬೇಕಾದವರು ಭಾನುವಾರ ಬರುವಾಗ ರೇಷನ್ ಕಾರ್ಡ್, ಆಧಾರ್, ಜಾತಿ ಪ್ರಮಾಣಪತ್ರದ ಜೆರಾಕ್ಸ್ ತನ್ನಿ. ನವಿಲುಕೋಸಿನ ಬೀಜ ಸ್ವಲ್ಪ ಉಳಿದಿದೆ, ಬೇಕಾದವರು ಒಯ್ಯಬಹುದು.

ಜೈ ಭೀಮ್.