ನೀರು ಎಲ್ಲಿಂದ ಬಂತು?

ಮುಂಬಾಗಿಲಿನ ವಾಷಿಂಗ್ ಮಷೀನಿನ ಕೆಳಗೆ ನೀರು ನಿಂತರೆ ಎಷ್ಟೋ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವವಳು ಸೊಸೆ, ಇಲ್ಲವೇ ಕೆಲಸದಾಕೆ. ಹುಟ್ಟುಕುರುಡನನ್ನು ಕಂಡ ಶಿಷ್ಯರಿಗೂ ತಪ್ಪು ಯಾರದೆಂಬುದೇ ಚಿಂತೆ. ಯೇಸುಸ್ವಾಮಿ ಆ ಪ್ರಶ್ನೆಯನ್ನೇ ಬದಿಗಿಟ್ಟು ಅವನ ಕಣ್ಣು ತೆರೆದರು.

ನೀರು ನಿಂತಲ್ಲೇ ಸೋರಿರಬೇಕೆಂದಿಲ್ಲ. ಇಳಿಜಾರಿನಲ್ಲಿ ಹರಿದು ಬಂದಿರಬಹುದು. ಯಾವಾಗ ಸೋರುತ್ತದೆಂದು ಗಮನಿಸಿ. ನೀರು ತುಂಬುವಾಗಲಾದರೆ ನಲ್ಲಿಯ ಪೈಪು, ಅದರ ವಾಷರ್. ಒಗೆಯುವಾಗಲಾದರೆ ಬಾಗಿಲಿನ ರಬ್ಬರ್. ನೀರು ಹೊರಹೋಗುವಾಗಲಾದರೆ ಪಂಪು, ಫಿಲ್ಟರಿನ ಮುಚ್ಚಳ, ಹೊರಪೈಪು. ಪಾಪನಿವೇದನೆಗೆ ಮುಂಚೆ ನಾವು ಮಾಡುವ ಆತ್ಮಶೋಧನೆಯಲ್ಲಿ ಈ 'ಯಾವಾಗ' ಎಂಬುದೇ ತಪ್ಪಿಹೋಗುತ್ತದೆ. ಸಿಟ್ಟು ಬಂತು ಎನ್ನುತ್ತೇವೆ, ಯಾವ ಹೊತ್ತಿಗೆ, ಯಾರೆದುರು ಎಂದು ನೋಡುವುದಿಲ್ಲ.

ನನ್ನ ಅನುಮಾನ ಮೊದಲು ರಬ್ಬರಿನ ಮೇಲೆ. ಪ್ಲಗ್ ಕಿತ್ತು, ಅದರ ಕೆಳಮಡಿಕೆ ಬಿಡಿಸಿ ನೋಡಿ: ಕೂದಲು, ನಾಣ್ಯ, ಹೇರ್‌ಪಿನ್, ಒಮ್ಮೊಮ್ಮೆ ಜಪಮಾಲೆಯ ಮಣಿಯೂ! ಒರೆಸಿದರೆ ಸಾಕಾಗಬಹುದು, ಹರಿದಿದ್ದರೆ ರಬ್ಬರನ್ನೇ ಬದಲಿಸಬೇಕು, ಅಂಟು ಬಾಳದು. ಕೈಯಲ್ಲಿ ಒಗೆಯುವ ಪುಡಿ ಹಾಕಿದ್ದರೆ ನೊರೆ ಉಕ್ಕಿ ಸೋಪಿನ ಪೆಟ್ಟಿಗೆಯಿಂದಲೇ ಸುರಿಯಬಹುದು. ಅದಕ್ಕೆ ಮೆಕ್ಯಾನಿಕ್ ಬೇಕಿಲ್ಲ.

ಫಿಲ್ಟರ್ ತಿರುಗಿಸುವ ಮುನ್ನ ಕೆಳಗೊಂದು ಅಗಲ ತಟ್ಟೆ ಇಡಿ, ಒಳಗೆ ನೀರು ಉಳಿದಿರುತ್ತದೆ. ಸೊಸೆಯನ್ನು ಕರೆಯುವುದಾದರೆ ಟಾರ್ಚ್ ಹಿಡಿಯಲು ಕರೆಯಿರಿ.