ಅಮ್ಮಿಯ ಮಾತು, ಮಗುವಿನ ಇಂಗ್ಲಿಷ್

ಜನಗಣತಿಯವರು ಭಾಷೆಯ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ. ನಿಮ್ಮ ಮಾತೃಭಾಷೆ ಯಾವುದು? ಅದಲ್ಲದೆ ಬೇರೆ ಯಾವ ಎರಡು ಭಾಷೆ ಬರುತ್ತವೆ? ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಊರಿನಲ್ಲಿ ಇದಕ್ಕೆ ಉತ್ತರಿಸುವುದು ಅಷ್ಟು ಸುಲಭವಲ್ಲ. ಮುಸ್ಲಿಮರ ಮನೆಯೊಳಗೆ ದಖನಿ, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನಮಾಝಿನಲ್ಲಿ ಅರಬಿ. ಮಗುವಿನ ಪಾಟಿಚೀಲದಲ್ಲಿ ಇಂಗ್ಲಿಷ್. ಬರೆಸುವಾಗ ಮಾತ್ರ ಎಲ್ಲರೂ ಉರ್ದು ಎನ್ನುತ್ತಾರೆ. ದಖನಿಯ ಹೆಸರನ್ನು ಅದನ್ನಾಡುವ ತಾಯಿಯೇ ಹೇಳುವುದಿಲ್ಲ.

ಈ ಸಂಕೋಚ ಯಾಕೆ? ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ನಿಜಾಮಿ ಎಂಬ ಕವಿ ‘ಕದಮ್ ರಾವ್ ಪದಮ್ ರಾವ್’ ಕಾವ್ಯ ಬರೆದದ್ದು ಇದೇ ಭಾಷೆಯಲ್ಲಿ. ಮರಾಠಿಯ ‘ನಕೋ’ವನ್ನು ‘ನಕ್ಕೋ’ ಮಾಡಿಕೊಂಡು ನೆರೆಯವರೊಂದಿಗೆ ಬಾಳಿದ ಭಾಷೆ ಇದು. ಆದರೆ ‘ಶುದ್ಧ ಉರ್ದು’ವಿನ ಎದುರು ಒಮ್ಮೆ ತಲೆ ತಗ್ಗಿಸಿದ ದಖನಿ, ಈಗ ಇಂಗ್ಲಿಷಿನ ಎದುರು ಮತ್ತೊಮ್ಮೆ ತಗ್ಗಿಸುತ್ತಿದೆ.

ಹಾಗೆಂದು ಇಂಗ್ಲಿಷ್ ಬಯಸುವ ಬಡ ತಂದೆಯನ್ನು ದೂರುವುದು ಅನ್ಯಾಯ. ನಿಜಾಮರ ಕಾಲದಲ್ಲಿ ಇಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯ ಸೇರಿತು. ಉರ್ದುವಿನಲ್ಲಷ್ಟೇ ಓದುಬರಹ ಕಲಿತವರು ಕಚೇರಿಯ ಬಾಗಿಲಲ್ಲಿ ನಿರಕ್ಷರಿಗಳಂತಾದರು. ಅನ್ನ ಯಾವ ಭಾಷೆಯಲ್ಲಿದೆ ಎಂಬುದನ್ನು ಆ ತಲೆಮಾರು ಪೆಟ್ಟು ತಿಂದು ಕಲಿಯಿತು. ಮೊಮ್ಮಕ್ಕಳು ಆ ಪಾಠವನ್ನು ಮರೆತಿಲ್ಲ. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ಬಡವರ ಮಕ್ಕಳಿಗೆ ಮಾತೃಭಾಷೆಯ ಮಹಿಮೆ ಬೋಧಿಸುವವರ ಮಾತನ್ನು ಅವರು ಹೇಗೆ ನಂಬಿಯಾರು?

ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಕ್ಕು ಸಿಕ್ಕಿತು, ಸರಿ. ಆದರೆ ಹಕ್ಕಿನ ಜೊತೆ ಹೊಣೆಯೂ ಬರುತ್ತದಲ್ಲವೇ? ಇಂಗ್ಲಿಷ್ ಪದ್ಯವನ್ನು ಬಾಯಿಪಾಠ ಒಪ್ಪಿಸುವ ಮಗು ಅದರಲ್ಲೊಂದು ಅರ್ಜಿ ಬರೆಯಲಾರದು. ಉರ್ದು ಓದಲು ಬಾರದು, ಕನ್ನಡ ಪತ್ರಿಕೆ ಹಿಡಿದರೆ ತಡವರಿಸುತ್ತದೆ. ನಾಲ್ಕು ಭಾಷೆ ಆಡಬಲ್ಲ ಮಗು ಒಂದರಲ್ಲೂ ಯೋಚಿಸಿ ಬರೆಯಲಾಗದಿದ್ದರೆ ಆ ಅನ್ಯಾಯದಲ್ಲಿ ಮನೆಗೂ ಪಾಲಿದೆ, ಶಾಲೆಗೂ ಪಾಲಿದೆ.

ಕುರ್‌ಆನಿನ ಅರ್ರೂಮ್ ಅಧ್ಯಾಯವು ಭಾಷೆಗಳ ವೈವಿಧ್ಯವನ್ನು ಅಲ್ಲಾಹನ ನಿದರ್ಶನಗಳಲ್ಲಿ ಒಂದಾಗಿ ಎಣಿಸುತ್ತದೆ. ಅಲ್ಲಿ ಮೇಲುಕೀಳಿನ ಪಟ್ಟಿಯಿಲ್ಲ. ಹಾಗಾದರೆ ನಮಗೇಕೆ ಬೇಕು? ಸರ್ಕಾರಿ ಶಾಲೆಯಲ್ಲಿ ಒಳ್ಳೆಯ ಇಂಗ್ಲಿಷನ್ನು ಹಕ್ಕಿನಿಂದ ಕೇಳೋಣ. ಈ ನೆಲದ ಕನ್ನಡವನ್ನು ಪರರ ಭಾಷೆಯೆಂದುಕೊಳ್ಳದೆ ಓದಿ ಬರೆಯೋಣ. ಮನೆಯಲ್ಲಿ ದಖನಿಯಲ್ಲೇ ಮಕ್ಕಳಿಗೆ ಕಥೆ ಹೇಳೋಣ. ಇಂಗ್ಲಿಷ್ ಕಲಿತ ಮಗ, ನಾಲ್ಕು ಜನರ ಮುಂದೆ ‘ನಕ್ಕೋ’ ಎಂದ ಅಮ್ಮಿಯ ಮಾತಿಗೆ ನಾಚದಿದ್ದರೆ, ಅವನಿಗೆ ವಿದ್ಯೆ ಹತ್ತಿದೆ ಎನ್ನಬಹುದು.